ಚದುರಂಗದ ವಿಶೇಷ ನಡೆಗಳು: ಗಾವಡಗೆರೆ ಸೀಮೆಯಲ್ಲಿ ಕಲಿಸುತ್ತ ಕಲಿತದ್ದು

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯಲ್ಲಿಯೂ ಅದರ ಆಸುಪಾಸಿನ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಚದುರಂಗ ಬಲ್ಲವರು ಎರಡು ಬೇರೆ ದಾರಿಗಳಿಂದ ಆ ಆಟಕ್ಕೆ ಬಂದವರು. ಮೊದಲನೆಯವರು ಹೊಗೆಸೊಪ್ಪಿನ ಕೆಲಸ ಮುಗಿದ ಬಿಡುವಿನ ದಿನಗಳಲ್ಲಿ ಜಗಲಿಯ ಮೇಲೆ ಹಿರಿಯರ ಎದುರು ಕುಳಿತು, ನೋಡಿ ನೋಡಿ ಕಲಿತವರು. ಎರಡನೆಯವರು ಮೊಬೈಲಿನ ಪರದೆಯಲ್ಲಿ ಮುಖ ಕಾಣದ ಎದುರಾಳಿಯೊಡನೆ ಆಡಿ ಕಲಿತ ಈಗಿನ ಶಾಲಾಮಕ್ಕಳು. ಈ ಎರಡೂ ಬಗೆಯವರಿಗೆ ಆಟದ ನಿಯಮಗಳನ್ನು ಹೇಳಿಕೊಟ್ಟ ಈ ಲೇಖಕನ ಅನುಭವದಲ್ಲಿ, ಕಾಯಿಗಳ ದಿನನಿತ್ಯದ ನಡೆಯಲ್ಲಿ ಯಾರೂ ಎಡವುವುದಿಲ್ಲ, ಎಡವುವುದೆಲ್ಲ ವಿಶೇಷ ನಡೆಗಳಲ್ಲಿ ಮತ್ತು ಅಷ್ಟಾಗಿ ಬಳಕೆಗೆ ಬಾರದ ನಿಯಮಗಳಲ್ಲಿ. ಅಲ್ಲಿಯೂ ಹಿರಿಯರು ಎಡವುವ ಜಾಗ ಒಂದು, ಮಕ್ಕಳು ಎಡವುವ ಜಾಗ ಇನ್ನೊಂದು. ಇಂಥ ನಿಯಮಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಅವು ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಆದರೆ ಯಾವ ನಿಯಮ ಯಾವ ಬದಲಾವಣೆಯ ಬೆನ್ನಿಗೆ ಹುಟ್ಟಿತು ಎಂಬುದನ್ನು ಮೊದಲು ತಿಳಿಸಿದರೆ ಹತ್ತು ವರ್ಷದ ಹುಡುಗಿಯೂ ಅದನ್ನು ತಾನಾಗಿಯೇ ಊಹಿಸಿ ಹೇಳಬಲ್ಲಳು ಎಂಬುದು ಕಲಿಸುವ ಕೆಲಸದಿಂದ ದೊರೆತ ಮೊದಲ ತಿಳಿವಳಿಕೆ.

ಹಿರಿಯರು ಆಡುವ ಆಟವನ್ನು ತಪ್ಪು ಆಟವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಅದು ಭಾರತದಲ್ಲಿ ಬಹುಕಾಲ ನಡೆದುಬಂದ, ತನ್ನದೇ ಕ್ರಮವುಳ್ಳ ಆಟ. ಆ ಕ್ರಮದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದಕ್ಕೆ ಹೋಗುತ್ತದೆ. ರಾಜನಿಗೆ ಒಮ್ಮೆಯೂ ಶಹ, ಅಂದರೆ ಚೆಕ್, ಬಿದ್ದಿರದಿದ್ದರೆ ಇಡೀ ಆಟದಲ್ಲಿ ಒಂದು ಸಲ ಮಾತ್ರ ಅವನು ಕುದುರೆಯಂತೆ ನೆಗೆಯಬಹುದು. ಕೊನೆಯ ಸಾಲು ತಲುಪಿದ ಕಾಲಾಳು ಆ ಮನೆಯಲ್ಲಿ ಆಟದ ಆರಂಭಕ್ಕೆ ಯಾವ ಕಾಯಿ ನಿಂತಿತ್ತೋ ಆ ಕಾಯಿಯೇ ಆಗುತ್ತದೆ. ವಿವರಗಳು ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುತ್ತಿದ್ದವು. ಇದೇ ಕ್ರಮದಲ್ಲಿ ಆಟ ಕಲಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅಂತರರಾಷ್ಟ್ರೀಯ ನಿಯಮಗಳನ್ನು ಆಮೇಲೆ ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದದ್ದನ್ನು, ನಡುವೆ ಹೇಸ್ಟಿಂಗ್ಸ್‌ನಲ್ಲಿ ಕ್ಯಾಪಾಬ್ಲಾಂಕಾರನ್ನು ಸೋಲಿಸಿದ್ದನ್ನು ನೆನೆದರೆ, ಜಗಲಿಯ ಆಟ ಯಾರ ದಾರಿಗೂ ಅಡ್ಡ ಬರುವುದಿಲ್ಲವೆಂದು ತಿಳಿಯುತ್ತದೆ. ಮೈಸೂರು ಸೀಮೆಗಂತೂ ಈ ವಿಷಯದಲ್ಲಿ ಹೆಮ್ಮೆಪಡಲು ಬೇರೆಯೇ ಕಾರಣವಿದೆ. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಬುದ್ಧಿಶಕ್ತಿಯ ದೊಡ್ಡ ಭಾಗವನ್ನು ಕಲೆ, ಗ್ರಂಥರಚನೆ ಮತ್ತು ಹಾಸಿನ ಆಟಗಳಿಗೆ ಮೀಸಲಿಟ್ಟರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಇಂಥ ಆಟಗಳಿಗೇ ಮೀಸಲಾಗಿದೆ. ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ಇಳಿಸಿ, ಇಳಿದ ಕ್ರಮವನ್ನು 1ರಿಂದ 64ರವರೆಗೆ ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲಿನ ಮತ್ತು ಪ್ರತಿ ಉದ್ದಸಾಲಿನ ಮೊತ್ತ 260 ಬರುವಂಥ ಪಯಣವನ್ನು ಅವರು ರಚಿಸಿದ್ದರು. ಕರ್ಣಗಳ ಮೊತ್ತವೂ 260 ಬರುವಂಥ ಪಯಣ ಅಸಾಧ್ಯವೆಂದು ಕಂಪ್ಯೂಟರಿನ ಲೆಕ್ಕದಿಂದ ಸಿದ್ಧವಾದದ್ದು 2003ರಲ್ಲಿ.

ಈಗಿನ ಅಂತರರಾಷ್ಟ್ರೀಯ ಆಟ ಯುರೋಪಿನಲ್ಲಿ ರೂಪುಗೊಂಡದ್ದು, ಮತ್ತು ಅದರ ವಿಶೇಷ ನಡೆಗಳೆಲ್ಲ ಆಟವನ್ನು ಚುರುಕುಗೊಳಿಸಲು ಮಾಡಿದ ಬದಲಾವಣೆಗಳ ಸರಪಳಿಯಲ್ಲಿ ಬಂದವು. ನಿಧಾನವಾಗಿ ಸಾಗುತ್ತಿದ್ದ ಆರಂಭವನ್ನು ಚುರುಕಾಗಿಸಲು ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾಯುವ ಅವಕಾಶ ಕೊಟ್ಟರು. ಆದರೆ ಇದರಿಂದ ಒಂದು ಅನ್ಯಾಯ ಹುಟ್ಟಿತು. ಬಿಳಿಯ ಕಾಲಾಳು ಇ5ರವರೆಗೆ ಕಷ್ಟಪಟ್ಟು ಬಂದು ಡಿ6 ಮನೆಯನ್ನು ಕಾಯುತ್ತಿದೆ ಎಂದಿಟ್ಟುಕೊಂಡರೆ, ಹಳೆಯ ಆಟದಲ್ಲಿ ಡಿ7ರಲ್ಲಿರುವ ಕಪ್ಪು ಕಾಲಾಳು ಆ ಕಾವಲನ್ನು ಎದುರಿಸದೆ ಮುಂದೆ ಹೋಗಲಾರದು. ಎರಡು ಮನೆಯ ನೆಗೆತ ಬಂದ ಮೇಲೆ ಅದು ಒಂದೇ ಹೆಜ್ಜೆಗೆ ಡಿ5 ಸೇರಿ ಪಾರಾಗಬಹುದು. ಈ ಅನ್ಯಾಯವನ್ನು ಸರಿಪಡಿಸಲು ಬಂದದ್ದೇ ಎನ್‌ಪಾಸಾಂ, ಅಂದರೆ ಹಾದುಹೋಗುತ್ತಿರುವ ಕಾಲಾಳನ್ನು ಅದು ಒಂದೇ ಮನೆ ನಡೆದಿದೆಯೋ ಎಂಬಂತೆ ಹಿಡಿಯುವುದು: ಬಿಳಿಯ ಕಾಲಾಳು ಡಿ6ಕ್ಕೆ ಹೋಗಿ ಡಿ5ರ ಕಾಲಾಳನ್ನು ಹಾಸಿನಿಂದ ತೆಗೆಯುತ್ತದೆ. ಇಷ್ಟು ಹೇಳಿದ ಮೇಲೆ, ಈ ಹಕ್ಕು ಮರುನಡೆಯಲ್ಲಿ ಮಾತ್ರ ಏಕೆ ಇರುತ್ತದೆ, ಆಮೇಲೆ ಏಕೆ ಇರುವುದಿಲ್ಲ ಎಂಬುದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಡಿ6ರಲ್ಲಿ ನಿಂತ ಕಾಲಾಳನ್ನು ಆ ಗಳಿಗೆಯಲ್ಲಿ ಹಿಡಿಯದಿದ್ದರೆ ಅದು ಮುಂದಿನ ಸರದಿಗೆ ಡಿ5ಕ್ಕೆ ಹೋಗಿಬಿಡುತ್ತಿತ್ತೆಂದು ಮಕ್ಕಳೇ ಹೇಳುತ್ತಾರೆ. ಇಟಲಿಯವರು ಈ ಹಿಡಿತವನ್ನು 1880ರವರೆಗೂ ಒಪ್ಪಿರಲಿಲ್ಲ ಎಂಬುದರಿಂದ, ಬದಲಾವಣೆಯನ್ನು ತಡವಾಗಿ ಒಪ್ಪಿದವರು ಹಳ್ಳಿಗರು ಮಾತ್ರವಲ್ಲ ಎಂಬುದೂ ತಿಳಿಯುತ್ತದೆ.

ಎನ್‌ಪಾಸಾಂ ನಡೆಗೆ ಸೇರಿದ ಎರಡು ಸೂಕ್ಷ್ಮಗಳು ಚೆನ್ನಾಗಿ ಆಡುವವರ ಗಮನಕ್ಕೂ ಬಂದಿರುವುದಿಲ್ಲ. ಆಡಲು ಬೇರೆ ಯಾವ ನಡೆಯೂ ಉಳಿಯದೆ ಈ ಹಿಡಿತವೊಂದೇ ಸಾಧ್ಯವಿದ್ದರೆ ಅದನ್ನು ಆಡಲೇಬೇಕು; ಇಷ್ಟವಿಲ್ಲವೆಂದು ಬಿಟ್ಟು ಸ್ಟೇಲ್‌ಮೇಟ್, ಅಂದರೆ ರಾಜನಿಗೆ ಶಹವಿಲ್ಲದೆಯೂ ನಡೆ ಇಲ್ಲದಿರುವ ಸಮಸ್ಥಿತಿ, ಆಯಿತೆಂದು ಸಾರುವಂತಿಲ್ಲ. ಇನ್ನೊಂದು, ಈ ಹಿಡಿತದಲ್ಲಿ ಒಂದೇ ಅಡ್ಡಸಾಲಿನಿಂದ ಎರಡು ಕಾಲಾಳುಗಳು ಒಮ್ಮೆಲೇ ಇಲ್ಲವಾಗುತ್ತವೆ. ಅದೇ ಸಾಲಿನ ಒಂದು ತುದಿಗೆ ತನ್ನ ರಾಜ, ಇನ್ನೊಂದು ತುದಿಗೆ ಎದುರಾಳಿಯ ಆನೆ ಇದ್ದರೆ ನಡುವಿನ ಮರೆ ಪೂರ್ತಿ ಸರಿದು ರಾಜ ಬಯಲಿಗೆ ಬೀಳುವುದರಿಂದ ಆಗ ಹಿಡಿತ ನಿಷಿದ್ಧ.

ಕ್ಯಾಸ್ಲಿಂಗ್ ಅಥವಾ ಕೋಟೆ ಕಟ್ಟುವ ನಡೆಯೂ ಇದೇ ಸರಪಳಿಯ ಕೊಂಡಿ. ಒಂದು ಕಾಲಕ್ಕೆ ಮಂತ್ರಿಯು ಕರ್ಣದಲ್ಲಿ ಒಂದೇ ಮನೆ ನಡೆಯುವ ದುರ್ಬಲ ಕಾಯಿಯಾಗಿತ್ತು. ಹದಿನೈದನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಮಂತ್ರಿಗೂ ಒಂಟೆಗೂ ಇಂದಿನ ಉದ್ದನೆಯ ಓಟ ಬಂದಾಗ ನಡುಮನೆಯಲ್ಲಿ ನಿಂತ ರಾಜನಿಗೆ ಆಪತ್ತು ಹೆಚ್ಚಿತು, ಅವನನ್ನು ಬೇಗ ಮೂಲೆಗೆ ಸೇರಿಸುವ ಉಪಾಯ ಬೇಕಾಯಿತು. ನಮ್ಮ ಹಿರಿಯರ ರಾಜನೆಗೆತ ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ಕ್ಯಾಸ್ಲಿಂಗ್ ಮಾಡಿತು: ಇ1ರ ರಾಜ ಎರಡು ಮನೆ ಸರಿದು ಜಿ1 ಅಥವಾ ಸಿ1 ಸೇರುತ್ತಾನೆ, ಆ ಕಡೆಯ ಆನೆ ಅವನನ್ನು ದಾಟಿ ಪಕ್ಕದ ಮನೆಯಲ್ಲಿ ನಿಲ್ಲುತ್ತದೆ. ರಾಜನಾಗಲಿ ಆ ಆನೆಯಾಗಲಿ ಮೊದಲು ಕದಲಿರಬಾರದು, ಇಬ್ಬರ ನಡುವೆ ಕಾಯಿ ಇರಬಾರದು, ರಾಜನಿಗೆ ಆ ಗಳಿಗೆಯಲ್ಲಿ ಶಹ ಇರಬಾರದು, ಅವನು ದಾಟುವ ಮತ್ತು ಸೇರುವ ಮನೆಗಳ ಮೇಲೆ ಶತ್ರುವಿನ ಕಣ್ಣಿರಬಾರದು. ಗಾವಡಗೆರೆ ಸುತ್ತಿನ ಹಿರಿಯ ಆಟಗಾರರಲ್ಲಿ ಹಲವರು ರಾಜನಿಗೆ ಹಿಂದೆ ಎಂದೋ ಒಮ್ಮೆ ಶಹ ಬಿದ್ದಿದ್ದರೂ ಕ್ಯಾಸ್ಲಿಂಗ್ ಹಕ್ಕು ಹೋಯಿತೆಂದು ಗಟ್ಟಿಯಾಗಿ ನಂಬುತ್ತಾರೆ. ಈ ನಂಬಿಕೆಗೆ ಮೂಲವೇನೆಂದು ಬಹಳ ದಿನ ತಿಳಿಯಲಿಲ್ಲ. ರಾಜನೆಗೆತದ ಹಳೆಯ ಕಟ್ಟಳೆಯನ್ನು ಪಕ್ಕಕ್ಕಿಟ್ಟು ನೋಡಿದಾಗ, ಒಂದು ಆಟದ ಷರತ್ತು ಇನ್ನೊಂದು ಆಟಕ್ಕೆ ಜಾರಿಬಂದಿರಬೇಕೆಂದು ತೋರಿತು. ಅಂತರರಾಷ್ಟ್ರೀಯ ನಿಯಮದಲ್ಲಿ ಶಹವನ್ನು ರಾಜ ಕದಲದೆ ತಪ್ಪಿಸಿಕೊಂಡಿದ್ದರೆ ಹಕ್ಕು ಹಾಗೆಯೇ ಉಳಿಯುತ್ತದೆ.

ಇನ್ನೊಂದು ಸಂದೇಹ ಆನೆಯದು. ಆನೆಯ ಮೇಲೆ ದಾಳಿ ಇದ್ದರೂ, ಉದ್ದನೆಯ ಕ್ಯಾಸ್ಲಿಂಗಿನಲ್ಲಿ ಆನೆ ಹಾಯುವ ಬಿ1 ಮನೆಯ ಮೇಲೆ ದಾಳಿ ಇದ್ದರೂ ನಡೆ ಸರಿಯೇ, ಏಕೆಂದರೆ ನಿಯಮ ಕಾಯುವುದು ರಾಜನ ದಾರಿಯನ್ನು ಮಾತ್ರ. 1960ರಲ್ಲಿ ಅಡಿಲೇಡ್‌ನಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಯೂರಿ ಅವೆರ್‌ಬಾಖ್ ಎದುರಾಳಿ ಪರ್ಡಿಯವರ ಇಂಥ ಕ್ಯಾಸ್ಲಿಂಗನ್ನು ಸರಿಯೇ ಎಂದು ಪ್ರಶ್ನಿಸಿದ್ದರು. 1974ರಲ್ಲಿ ಕಾರ್ಪೊವ್ ವಿರುದ್ಧದ ಪಂದ್ಯದಲ್ಲಿ ಕೊರ್ಚ್‌ನಾಯ್, ಆನೆಯ ಮೇಲೆ ದಾಳಿ ಇರುವಾಗ ಕ್ಯಾಸ್ಲಿಂಗ್ ಮಾಡಬಹುದೇ ಎಂದು ತೀರ್ಪುಗಾರರನ್ನು ಕೇಳಿ ಖಚಿತಪಡಿಸಿಕೊಂಡರು. ಕೊರ್ಚ್‌ನಾಯ್ ಕೇಳಿದ ಸಂಗತಿಯನ್ನು ತರಗತಿಯಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಏಕೆಂದರೆ ಹಳ್ಳಿಯ ಮಗುವಿಗೆ ನಿಯಮಕ್ಕಿಂತ ಹೆಚ್ಚಾಗಿ ಕೊರತೆ ಇರುವುದು ಕೇಳುವ ಧೈರ್ಯದ್ದು.

ಫೋನಿನಲ್ಲಿ ಕಲಿತ ಮಕ್ಕಳ ತೊಡಕು ಇಲ್ಲಿಂದ ಶುರುವಾಗುತ್ತದೆ. ಪರದೆಯಲ್ಲಿ ರಾಜನನ್ನು ಸರಿಸಿದರೆ ಆನೆ ತಾನೇ ಬರುತ್ತದೆ, ನಿಷಿದ್ಧ ನಡೆಯನ್ನು ಯಂತ್ರವೇ ತಡೆಯುತ್ತದೆ, ಕಾಯಿಯನ್ನು ಮುಟ್ಟಿ ಬಿಟ್ಟರೆ ದಂಡವಿಲ್ಲ. ಮರದ ಹಾಸಿನ ಮುಂದೆ ಕುಳಿತಾಗ ಇದೆಲ್ಲವೂ ಬೇರೆ. ವಿಶ್ವ ಚದುರಂಗ ಒಕ್ಕೂಟವಾದ ಫಿಡೆಯ ನಿಯಮದಂತೆ ಮುಟ್ಟಿದ ಕಾಯಿಯನ್ನು ಆಡಬೇಕು. ಸರಿಪಡಿಸುವುದಷ್ಟೇ ಉದ್ದೇಶವಾಗಿದ್ದರೆ, ತನ್ನ ಸರದಿಯಲ್ಲಿ, ಮುಟ್ಟುವ ಮೊದಲೇ ಹಾಗೆಂದು ಹೇಳಬೇಕು. ಕ್ಯಾಸ್ಲಿಂಗಿನಲ್ಲಿ ಮೊದಲು ರಾಜನನ್ನೇ ಹಿಡಿಯಬೇಕು. ಆನೆಯನ್ನು ಮೊದಲು ಮುಟ್ಟಿ ಆಮೇಲೆ ರಾಜನನ್ನು ಮುಟ್ಟಿದರೆ ಆ ನಡೆಯಲ್ಲಿ ಆ ಆನೆಯೊಡನೆ ಕ್ಯಾಸ್ಲಿಂಗ್ ಇಲ್ಲ, ಆನೆಯನ್ನೇ ಆಡಬೇಕಾಗುತ್ತದೆ. ಎರಡು ಕೈಗಳಿಂದ ರಾಜನನ್ನೂ ಆನೆಯನ್ನೂ ಒಟ್ಟಿಗೆ ಸರಿಸಿ ಗಡಿಯಾರ ಒತ್ತಿದರೆ ಅದನ್ನು ನಿಷಿದ್ಧ ನಡೆಯಂತೆಯೇ ಪರಿಗಣಿಸಿ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಡುತ್ತಾರೆ, ಎರಡನೆಯ ಸಲ ಹಾಗಾದರೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ. ಜಗಲಿಯ ಆಟದಲ್ಲಿ ಎರಡು ಕೈ ಬಳಸುವುದು ಎಷ್ಟು ಸಹಜವೆಂದರೆ, ಈ ಒಂದು ಅಭ್ಯಾಸವನ್ನು ಬಿಡಿಸಲು ಹಿಡಿಯುವ ಕಾಲ ಒಂದು ಆರಂಭಕ್ರಮವನ್ನು ಕಲಿಸಲು ಹಿಡಿಯುವ ಕಾಲಕ್ಕಿಂತ ಹೆಚ್ಚು.

ಬಡ್ತಿಯ ನಿಯಮದಲ್ಲಿ, ಅಂದರೆ ಕೊನೆಯ ಸಾಲು ತಲುಪಿದ ಕಾಲಾಳು ಮಂತ್ರಿ, ಆನೆ, ಒಂಟೆ, ಕುದುರೆಗಳಲ್ಲಿ ಒಂದಾಗುವಲ್ಲಿ, ಕಾಯಿ ಮೊದಲೇ ಸತ್ತಿರಬೇಕೆಂಬ ಷರತ್ತಿಲ್ಲ. ಹಾಸಿನ ಮೇಲೆ ಮಂತ್ರಿ ಇರುವಾಗಲೇ ಎರಡನೆಯ ಮಂತ್ರಿ ಬರಬಹುದು. ಎರಡನೆಯ ಮಂತ್ರಿ ಕೈಗೆ ಸಿಗದಾಗ ಆನೆಯನ್ನು ತಲೆಕೆಳಗಾಗಿ ನಿಲ್ಲಿಸಿ ಮಂತ್ರಿಯೆನ್ನುವ ಮನೆಯ ರೂಢಿ ಪಂದ್ಯಾವಳಿಯಲ್ಲಿ ನಡೆಯುವುದಿಲ್ಲ, ಅಲ್ಲಿ ಅದು ಆನೆಯೇ. 2017ರ ಕೆನಡಾ ಚಾಂಪಿಯನ್‌ಷಿಪ್ಪಿನ ನಿರ್ಣಾಯಕ ಆಟದಲ್ಲಿಯೂ ತೀರ್ಪುಗಾರರು ಹಾಗೆಯೇ ಹೇಳಿದರು. ಸರಿಯಾದ ಕ್ರಮವೆಂದರೆ ಗಡಿಯಾರವನ್ನು ನಿಲ್ಲಿಸಿ ಮಂತ್ರಿಯನ್ನು ಕೇಳುವುದು. ಮಂತ್ರಿಯನ್ನೇ ಆರಿಸುವುದು ಯಾವಾಗಲೂ ಲಾಭವೆಂದು ನಂಬಿದ ಮಕ್ಕಳಿಗೆ 1895ರಲ್ಲಿ ಗ್ಲಾಸ್ಗೋದಲ್ಲಿದ್ದ ಪಾದ್ರಿ ಸಾವೆದ್ರ ಕಂಡುಹಿಡಿದ ನಡೆಯನ್ನು ತೋರಿಸುವುದು ಒಳ್ಳೆಯದು: ಅಲ್ಲಿ ಕಾಲಾಳನ್ನು ಮಂತ್ರಿ ಮಾಡಿದರೆ ಎದುರಾಳಿ ತನ್ನ ಆನೆಯನ್ನು ಬಲಿಕೊಟ್ಟು ಸ್ಟೇಲ್‌ಮೇಟ್ ಗಳಿಸುತ್ತಾನೆ, ಆನೆ ಮಾಡಿದರೆ ಸೋಲುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಅಂಕಗಳು ಕೈತಪ್ಪುವುದು ಸಮಬಲದ ನಿಯಮಗಳಲ್ಲಿ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟ ಸಮಬಲವೆಂದು ಎಲ್ಲರಿಗೂ ಗೊತ್ತು, ಆದರೆ ಅದು ತಾನಾಗಿ ಆಗುವುದಿಲ್ಲ, ಕೇಳಬೇಕು. ಮೂರು ಸಲವೂ ಬೆನ್ನುಬೆನ್ನಿಗೆ ಬರಬೇಕಾಗಿಲ್ಲ. ಕಾಯಿಗಳ ಜಾಗ, ಆಡುವ ಸರದಿ, ಕ್ಯಾಸ್ಲಿಂಗ್ ಮತ್ತು ಎನ್‌ಪಾಸಾಂ ಹಕ್ಕುಗಳು ಒಂದೇ ಆಗಿದ್ದರೆ ಸಾಕು. ಮುಂದಿನ ತನ್ನ ನಡೆಯಿಂದ ಮೂರನೆಯ ಸಲವಾಗುವುದಿದ್ದರೆ ಆ ನಡೆಯನ್ನು ಹಾಸಿನ ಮೇಲೆ ಆಡದೆ, ನಡೆಗಳನ್ನು ದಾಖಲಿಸುವ ಹಾಳೆಯಲ್ಲಿ ಬರೆದು, ತೀರ್ಪುಗಾರರನ್ನು ಕರೆದು ಹೇಳಬೇಕು. ಆಡಿ ಗಡಿಯಾರ ಒತ್ತಿದ ಮೇಲೆ ಹಕ್ಕು ಎದುರಾಳಿಗೆ ಹೋಗುತ್ತದೆ. ಕಾಲಾಳು ಕದಲದೆ, ಯಾವ ಕಾಯಿಯೂ ಸಾಯದೆ ಇಬ್ಬರೂ ಐವತ್ತೈವತ್ತು ನಡೆ ಆಡಿದ್ದರೂ ಹೀಗೆಯೇ ಕೇಳಬೇಕು. ಯಾರೂ ಕೇಳದಿದ್ದರೆ ಐದನೆಯ ಸಲದ ಪುನರಾವರ್ತನೆಗೆ, ಎಪ್ಪತ್ತೈದು ನಡೆಗಳಿಗೆ ಆಟ ತಾನಾಗಿ ಮುಗಿಯಬೇಕೆಂಬ ನಿಯಮ ಬಂದದ್ದು 2014ರಲ್ಲಿ. ಕೆಲವು ಜಾಲತಾಣಗಳು ಮೂರನೆಯ ಸಲಕ್ಕೇ ಆಟ ನಿಲ್ಲಿಸುವುದರಿಂದ ಮಕ್ಕಳಿಗೆ ಕೇಳುವ ಅಭ್ಯಾಸವೇ ಆಗಿರುವುದಿಲ್ಲ, ಮತ್ತು ಮೈಸೂರಿನ ದೊಡ್ಡ ಸಭಾಂಗಣದಲ್ಲಿ, ಅಪರಿಚಿತ ತೀರ್ಪುಗಾರರ ಮುಂದೆ, ಇಂಗ್ಲಿಷಿನಲ್ಲಿ ಹೇಳಬೇಕೇನೋ ಎಂಬ ಅಳುಕಿನಲ್ಲಿ, ಗೊತ್ತಿದ್ದವರೂ ಸುಮ್ಮನೆ ಮುಂದಿನ ನಡೆ ಆಡಿಬಿಡುತ್ತಾರೆ. ಮೈಸೂರಿನವರೇ ಆದ ಎಂ. ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಈ ಜಿಲ್ಲೆಯಲ್ಲಿ, ಕನ್ನಡದಲ್ಲಿ ಹಕ್ಕು ಕೇಳಲು ಮಗು ಹಿಂಜರಿಯುವುದು ಸಹಿಸಿಕೊಳ್ಳಬೇಕಾದ ಸಂಗತಿಯಲ್ಲ. ಆದ್ದರಿಂದ ಅಭ್ಯಾಸದ ಆಟಗಳಲ್ಲಿ ಪ್ರತಿ ಮಗುವೂ ಕೈಯೆತ್ತಿ, ಗಡಿಯಾರ ನಿಲ್ಲಿಸಿ, ಸ್ಥಿತಿ ಮೂರನೆಯ ಸಲ ಬಂದಿದೆ ಎಂದು ಬಾಯಿಬಿಟ್ಟು ಹೇಳುವುದನ್ನು ನಡೆಗಳಷ್ಟೇ ಶ್ರದ್ಧೆಯಿಂದ ರೂಢಿಸಲಾಗುತ್ತದೆ. ಕೋರಿಕೆ ತಪ್ಪಾಗಿದ್ದರೆ ಎದುರಾಳಿಗೆ ಎರಡು ನಿಮಿಷ ಸಿಗುತ್ತದೆ, ಅಷ್ಟೇ. ಕೇಳದೆ ಹೋದರೆ ಅರ್ಧ ಅಂಕವೇ ಹೋಗಬಹುದು.

ಸಮಯ ಮುಗಿದಾಗಿನ ನಿಯಮವನ್ನು ಕೊನೆಯಲ್ಲಿ ಕಲಿಸುವುದು ಅನುಕೂಲ, ಏಕೆಂದರೆ ಅದಕ್ಕೆ ಮೇಲಿನ ಎಲ್ಲವೂ ಬೇಕು. ಒಬ್ಬನ ಸಮಯ ಮುಗಿದರೂ ಎದುರಾಳಿಯು ಯಾವ ನ್ಯಾಯಬದ್ಧ ನಡೆಗಳ ಸರಣಿಯಿಂದಲೂ ರಾಜನನ್ನು ಕಟ್ಟಿಹಾಕಲಾರನೆಂದಾದರೆ ಆಟ ಸಮಬಲ. ಎದುರಾಳಿಯ ಬಳಿ ಒಂಟಿ ರಾಜ ಮಾತ್ರ ಇದ್ದರೆ ಇದು ಸುಲಭವಾಗಿ ಕಾಣುತ್ತದೆ. ಆದರೆ ಎದುರಾಳಿಯ ಬಳಿ ರಾಜ ಮತ್ತು ಒಂದು ಕುದುರೆ, ಸಮಯ ಕಳೆದುಕೊಂಡವನ ಬಳಿ ರಾಜ ಮತ್ತು ಒಂದು ಕಾಲಾಳು ಇದ್ದರೆ ಮಕ್ಕಳೆಲ್ಲ ಸಮಬಲವೆಂದೇ ಕೂಗುತ್ತಾರೆ. ಆಗ ಕಾಯಿಗಳನ್ನು ಹೀಗೆ ಜೋಡಿಸಬೇಕು: ಕಪ್ಪು ರಾಜ ಎಚ್1ರಲ್ಲಿ, ಅವನದೇ ಕಾಲಾಳು ಎಚ್2ರಲ್ಲಿ, ಬಿಳಿಯ ರಾಜ ಎಫ್1ರಲ್ಲಿ, ಬಿಳಿಯ ಕುದುರೆ ಜಿ3ರಲ್ಲಿ. ಕುದುರೆಯ ಶಹದಿಂದ ತಪ್ಪಿಸಿಕೊಳ್ಳಲು ಕಪ್ಪು ರಾಜನಿಗೆ ಮನೆಯಿಲ್ಲ, ಎಚ್2ರ ದಾರಿಯನ್ನು ಅವನ ಕಾಲಾಳೇ ಮುಚ್ಚಿದೆ, ಅದು ಚೆಕ್‌ಮೇಟ್. ಹೀಗಾಗುವ ಸಾಧ್ಯತೆ ಹಾಸಿನ ಮೇಲೆ ಇರುವವರೆಗೆ ಸಮಯ ಕಳೆದುಕೊಂಡವನು ಸೋತಂತೆಯೇ.