ಹಳೆಯ ಫೈಲುಗಳೂ ಹೊಸ ಲೈಬ್ರರಿಗಳೂ

ಲೈಬ್ರರಿ ಎಂದೊಡನೆ ಕಾಲೇಜಿನ ವಾಚನಾಲಯವು ಕಣ್ಣ ಮುಂದೆ ನಿಲ್ಲುವದು ಸಹಜ. ಗಣಕಯಂತ್ರದವರ ಲೈಬ್ರರಿ ಬೇರೆ. ಯಾರೋ ಒಮ್ಮೆ ಬರೆದಿಟ್ಟ ಆಜ್ಞೆಗಳ ಕಟ್ಟು ಅದು. ಬೇಕಾದವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಂಡು, ವರ್ಡ್ ಫೈಲು ತೆರೆಯುವಂಥ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು. ಇಂಥ ಲೈಬ್ರರಿಗೆ ಯಾವ ಕಾಲದ ಫೈಲು ತಿಳಿಯುವದು, ಯಾವದು ತಿಳಿಯದು ಎಂಬುದನ್ನು ನಮ್ಮ ಭಾಗದ ಫೈಲುಗಳನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಹಸ್ತಪತ್ರ, ಅರ್ಜಿ ಮೊದಲಾದವನ್ನು ನುಡಿ ಫಾಂಟಿನಲ್ಲಿ ಟೈಪು ಮಾಡುವ ರೂಢಿ ಬಹುಕಾಲದ್ದು. ನನ್ನ ಕೈಗೆ ಬಂದ ಸಿಡಿಯೊಂದರಲ್ಲಿ ಬನಹಟ್ಟಿಯ ನೇಕಾರ ಓಣಿಯ ಹೆಣ್ಣುಮಕ್ಕಳು ಹೇಳಿದ ಬೀಸುಕಲ್ಲಿನ ಪದಗಳಿದ್ದವು. ಹೇಳಿದವರಲ್ಲಿ ಕೆಲವರು ಈಗಿಲ್ಲ. ಬರೆದುಕೊಂಡ ವಹಿಯೂ ಇಲ್ಲ. ಆ ಫೈಲು ಹೋದರೆ ಪದವೂ ಹೋದಂತೆಯೇ.

ವರ್ಡ್ 97ರಿಂದ 2003ರ ವರೆಗಿನ ಫೈಲು 'ಡಾಕ್'. ವರ್ಡ್ 2007ರಿಂದ ರೂಢಿಗೆ ಬಂದದ್ದು 'ಡಾಕ್‌ಎಕ್ಸ್'. ಒಂದು ಅಕ್ಷರ ಹೆಚ್ಚಾಯಿತೆಂದು ಇವನ್ನು ಅಣ್ಣತಮ್ಮಂದಿರೆಂದು ತಿಳಿಯಬಾರದು. ಹೊಸದು ವಾಸ್ತವವಾಗಿ ಜಿಪ್ ಗಂಟು. ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಪುಟಗಳು. ಅದರ ಮೊದಲ ಎರಡು ಅಕ್ಷರ 'ಪಿ ಕೆ', ಜಿಪ್ ರೂಪಿಸಿದ ಫಿಲ್ ಕಾಟ್ಜ್ ಎಂಬವನ ಹೆಸರಿನ ಮೊದಲಕ್ಷರಗಳು. ಹಳೆಯ ಡಾಕ್‌ನ ಒಳರಚನೆಯೇ ಬೇರೆ. ಆದ್ದರಿಂದ ಪೈಥಾನ್-ಡಾಕ್‌ಎಕ್ಸ್ ಎಂಬ ಲೈಬ್ರರಿಯು ಹಳೆಯದನ್ನು ಮುಟ್ಟುವದೇ ಇಲ್ಲ. ಅಪಾಚೆ ಪಿಓಐ ಎಂಬುದರಲ್ಲಿ ಹಳೆಯದಕ್ಕೊಂದು, ಹೊಸದಕ್ಕೊಂದು ಹೀಗೆ ಎರಡು ಬೇರೆ ಭಾಗಗಳನ್ನೇ ಇಡಬೇಕಾಯಿತು. ಫೈಲಿನ ಹೆಸರಿನ ಕೊನೆಗೆ ಎಕ್ಸ್ ಹಚ್ಚಿದ ಮಾತ್ರಕ್ಕೆ ಫೈಲು ಬದಲಾಗದು. ಹಾಗೆ ಮಾಡುವವರನ್ನು ನಾನು ಕಂಡಿದ್ದೇನೆ! ಲಿಬ್ರೆಆಫೀಸಿನಲ್ಲಿ ತೆರೆದು ಹೊಸ ರೂಪದಲ್ಲಿ ಉಳಿಸುವದು ಸರಿಯಾದ ದಾರಿ.

ಇಷ್ಟಾದ ಮೇಲೆ ಲೈಬ್ರರಿಯು ತಕರಾರಿಲ್ಲದೆ ಫೈಲನ್ನು ತೆರೆಯುವದು. ಆದರೆ ಹೊರಗೆ ಬರುವದು ಕನ್ನಡವಲ್ಲ! ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂದು ತೋರುವಲ್ಲಿ ಫೈಲಿನೊಳಗೆ ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರವೂ ತಲೆಕಟ್ಟಿನದೊಂದು ಸಂಕೇತವೂ ಕುಳಿತಿರುವವು. ಕನ್ನಡದ ವೇಷವನ್ನು ತೊಡಿಸುವದು ಫಾಂಟು ಮಾತ್ರ. ಲೈಬ್ರರಿಯದು ತಪ್ಪಲ್ಲ, ಇದ್ದುದನ್ನು ಇದ್ದಂತೆ ಕೊಟ್ಟಿದೆ. ಇದನ್ನು ಯುನಿಕೋಡಿಗೆ ತರಲು ಇನ್ನೊಂದು ಪರಿವರ್ತಕ ಬೇಕು.

ಇಲ್ಲಿಯೇ ಕೆಲಸದ ನಿಜವಾದ ಸೊಗಸು. 'ಕರ್ನಾಟಕ' ಎಂಬ ಪದವನ್ನು ನೋಡಿರಿ. ಯುನಿಕೋಡಿನಲ್ಲಿ ನಾವು ಉಚ್ಚರಿಸುವಂತೆ ಮೊದಲು ರಕಾರ, ಬಳಿಕ ನಾ. ನುಡಿಯಲ್ಲಿ ಕಣ್ಣಿಗೆ ಕಾಣುವಂತೆ ಮೊದಲು ನಾ, ಬಳಿಕ ಅರ್ಕಾವೊತ್ತು. ಪರಿವರ್ತಕವು ಅರ್ಕಾವೊತ್ತನ್ನು ಹಿಡಿದು ಹಿಂದಕ್ಕೆ ಒಯ್ಯಬೇಕು. ಆದರೆ ವರ್ಡ್ ಫೈಲು ಒಂದು ಸಾಲನ್ನು ಹಲವು ತುಂಡುಗಳಾಗಿ ಇಟ್ಟಿರುವದುಂಟು. ದಪ್ಪಕ್ಷರವೋ ತಿದ್ದುಪಡಿಯೋ ನಡುವೆ ಬಂದರೆ ಸಾಕು. 'ನಾ' ಒಂದು ತುಂಡಿನಲ್ಲಿ, ಅರ್ಕಾವೊತ್ತು ಮುಂದಿನದರಲ್ಲಿ ಉಳಿದರೆ ತುಂಡುತುಂಡಾಗಿ ಪರಿವರ್ತಿಸುವವನಿಗೆ ಅದು ಸಿಕ್ಕದು. ಹಾಗೆಂದು ಇಡೀ ಸಾಲನ್ನು ಒಂದೇ ಏಟಿಗೆ ಪರಿವರ್ತಿಸಿದರೆ ನಡುವಿನ ಇಂಗ್ಲಿಷ್ ಹೆಸರುಗಳೂ ಕನ್ನಡದ ಕಲಸುಮೇಲೋಗರವಾಗುವವು. ಆದುದರಿಂದ ಒಂದೇ ಫಾಂಟಿನ ಅಕ್ಕಪಕ್ಕದ ತುಂಡುಗಳನ್ನು ಮೊದಲು ಜೋಡಿಸಿ, ನುಡಿ ಫಾಂಟಿನದನ್ನು ಮಾತ್ರ ಪರಿವರ್ತಿಸುವದು ಲೇಸು. ಫಾಂಟಿನ ಹೆಸರು ತುಂಡಿನಲ್ಲಿ ಇಲ್ಲದೆ ಅದರ ಶೈಲಿಯಲ್ಲಿ ಅಡಗಿರುವದೂ ಉಂಟು. ಆಗ ಪೈಥಾನ್-ಡಾಕ್‌ಎಕ್ಸ್ 'ಏನೂ ಇಲ್ಲ' ಎಂದೇ ಉತ್ತರಿಸುವದು. ಶೈಲಿಯನ್ನು ನಾವೇ ಹುಡುಕಿ ನೋಡಬೇಕು.

ಪದಗಳ ವಿಷಯದಲ್ಲಿ ನಾನು ಹಳೆಯ ಡಾಕ್ ಫೈಲನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ನುಡಿ ಫಾಂಟಿನಲ್ಲಿಯೇ ಮುದ್ರಿಸಿದ ಹಾಳೆಗಳು ಒಂದು ಪಕ್ಕಕ್ಕೆ, ಯುನಿಕೋಡಿನದು ಇನ್ನೊಂದು ಪಕ್ಕಕ್ಕೆ ಇವೆ. ಅರ್ಕಾವೊತ್ತು ಬಂದ ಸಾಲುಗಳನ್ನು ಈಗ ಒಂದೊಂದಾಗಿ ಓದಿ ತಾಳೆ ನೋಡುತ್ತಿದ್ದೇನೆ.