ದೀರ್ಘಕಾಲದ ಗಂಧೆ ರೋಗ: ವಿಶೇಷ ಚಿಕಿತ್ಸಾ ಕೇಂದ್ರಗಳಿಗೆ ಮಾನದಂಡ ರೂಪಿಸಿದ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಪಾಠದ ಉದ್ದೇಶ

ಸೇವೆಯೊಂದರ ಗುಣಮಟ್ಟವನ್ನು ಯಾವ ಅಳತೆಯಿಂದ ನಿರ್ಧರಿಸಬೇಕು ಮತ್ತು ಆ ಅಳತೆಯನ್ನು ಯಾರು ಪರಿಶೀಲಿಸಬೇಕು ಎಂಬ ಪ್ರಶ್ನೆ ಕುಡಿಯುವ ನೀರು, ರಸ್ತೆ, ಅಂಗನವಾಡಿ, ಆರೋಗ್ಯ ಕೇಂದ್ರ ಎಲ್ಲಕ್ಕೂ ಸಂಬಂಧಿಸಿದುದು. ಚರ್ಮರೋಗವೊಂದರ ವಿಶೇಷ ಕೇಂದ್ರಗಳಿಗೆ ಯುರೋಪಿನಲ್ಲಿ ಈ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ಈ ಪಾಠದಲ್ಲಿ ಪರಿಶೀಲಿಸಲಾಗಿದೆ.

1. ರೋಗದ ಸ್ವರೂಪ

ಗ್ರಾಮಗಳಲ್ಲಿ ಪಿತ್ತಗಂಧೆ ಎಂದು ಕರೆಯಲ್ಪಡುವ ತೊಂದರೆಗೆ ವೈದ್ಯಶಾಸ್ತ್ರದಲ್ಲಿ ಅರ್ಟಿಕೇರಿಯಾ ಎಂದು ಹೆಸರು. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಸೂಸಿದಾಗ ತೀವ್ರ ತುರಿಕೆಯುಳ್ಳ ದದ್ದುಗಳು ಏಳುತ್ತವೆ. ಕೆಲವರಲ್ಲಿ ತುಟಿ, ಕಣ್ಣಿನ ರೆಪ್ಪೆಗಳೂ ಊದಿಕೊಳ್ಳುತ್ತವೆ. ತೊಂದರೆಯು 6 ವಾರಗಳನ್ನು ಮೀರಿ ಮುಂದುವರಿದರೆ ಅದನ್ನು ದೀರ್ಘಕಾಲದ ಗಂಧೆ ಎಂದು ಪರಿಗಣಿಸಲಾಗುತ್ತದೆ. ಅದು ವರ್ಷಗಟ್ಟಲೆ ಕಾಡುವುದೂ ಉಂಟು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಈ ರೋಗಕ್ಕೆ ಒಂದು ವಿಶೇಷ ಲಕ್ಷಣವಿದೆ. ಪ್ರತಿಯೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಗಳೊಳಗೆ ಗುರುತು ಉಳಿಸದೆ ಮಾಯವಾಗುತ್ತದೆ. ರಾತ್ರಿಯಿಡೀ ನಿದ್ರೆಯಿಲ್ಲದೆ ಕಳೆದ ಕೂಲಿಕಾರ ಮಹಿಳೆಯೊಬ್ಬರು ಮರುದಿನ ಬಸ್ಸು ಹಿಡಿದು ಆಸ್ಪತ್ರೆ ತಲುಪುವ ವೇಳೆಗೆ ತೋರಿಸಲು ಮೈಮೇಲೆ ಏನೂ ಇರುವುದಿಲ್ಲ. ಬೆಳಗಿನ ಜಾವ ನೀರು ಬಾರದ ನಲ್ಲಿಯು ಪರಿಶೀಲನೆಗೆ ಬಂದ ಹೊತ್ತಿನಲ್ಲಿ ಮಾತ್ರ ಹರಿದರೆ ದೂರು ಸುಳ್ಳೆನಿಸುವುದಷ್ಟೆ. ಇಲ್ಲಿಯೂ ಸ್ಥಿತಿ ಅದೇ.

2. ಮಾನದಂಡದ ಅಗತ್ಯ

ಅಳತೆಯಿಲ್ಲದ ಕಡೆ ಊಹೆ ನೆಲೆಯೂರುತ್ತದೆ. ಬದನೆಕಾಯಿ, ಮೊಟ್ಟೆ, ಕಡಲೆಕಾಯಿಗಳನ್ನು ಒಂದೊಂದಾಗಿ ಬಿಡಿಸಲಾಗುತ್ತದೆ. ಆದರೆ ದೀರ್ಘಕಾಲದ ಗಂಧೆಗೆ ಆಹಾರದ ಅಲರ್ಜಿ ಕಾರಣವಾಗುವುದು ವಿರಳ. ದೊಡ್ಡಪತ್ರೆಯ ರಸ ಹಚ್ಚುವುದು, ಕಂಬಳಿಯಿಂದ ಮೈ ಉಜ್ಜುವುದು ರೂಢಿಯಲ್ಲಿವೆ. ಉಜ್ಜುವಿಕೆಯಿಂದಲೇ ದದ್ದು ಏಳುವ ಗಂಧೆಯ ಪ್ರಕಾರವೂ ಇರುವುದರಿಂದ ಕಂಬಳಿಯು ತೊಂದರೆಯನ್ನು ಹೆಚ್ಚಿಸಬಹುದು. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಅಂಗಡಿಯಿಂದ ತಂದ ಸ್ಟೀರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು. ತಕ್ಷಣಕ್ಕೆ ಉಪಶಮನ ದೊರೆತರೂ ಕಾಲಾಂತರದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತಗಳಿಗೆ ಅದು ದಾರಿಯಾಗುತ್ತದೆ.

ಅಂತರರಾಷ್ಟ್ರೀಯ ಮಾರ್ಗಸೂಚಿಯು ಚಿಕಿತ್ಸೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದೆ. ಮೊದಲು ಹೆಚ್ಚು ಮಂಪರು ತಾರದ ಎರಡನೆಯ ತಲೆಮಾರಿನ ಆ್ಯಂಟಿಹಿಸ್ಟಮಿನ್ ಮಾತ್ರೆಯನ್ನು ಪ್ರತಿದಿನ ನೀಡಬೇಕು. ಸಾಲದಿದ್ದರೆ ವೈದ್ಯರ ನಿಗಾದಲ್ಲಿ ಅದರ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸಬಹುದು. ಅದಕ್ಕೂ ಮಣಿಯದಿದ್ದರೆ ಒಮಾಲಿಜುಮಾಬ್ ಚುಚ್ಚುಮದ್ದಿನಂತಹ ಮುಂದಿನ ಔಷಧಗಳಿವೆ. ಯಾವ ರೋಗಿ ಯಾವ ಮೆಟ್ಟಿಲಿನಲ್ಲಿರಬೇಕೆಂದು ತೀರ್ಮಾನಿಸಲು ರೋಗವು ಹತೋಟಿಗೆ ಬಂದಿದೆಯೇ ಎಂಬುದು ಮೊದಲು ತಿಳಿಯಬೇಕು.

3. ಯುಕೇರ್ ವ್ಯವಸ್ಥೆ

ಅಲರ್ಜಿ ಮತ್ತು ಅಸ್ತಮಾ ಕ್ಷೇತ್ರದ ಐರೋಪ್ಯ ಸಂಶೋಧನಾ ಜಾಲವಾದ ಗಾಲೆನ್ 2016ರಲ್ಲಿ ಗಂಧೆ ರೋಗದ ಉಲ್ಲೇಖಿತ ಹಾಗೂ ಶ್ರೇಷ್ಠತಾ ಕೇಂದ್ರಗಳ ಯೋಜನೆಯನ್ನು ಪ್ರಕಟಿಸಿತು. ಇದರ ಸಂಕ್ಷಿಪ್ತ ಹೆಸರು ಯುಕೇರ್. ಬರ್ಲಿನ್‌ನ ಶರಿಟೆ ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞರಾಗಿದ್ದ ಮಾರ್ಕುಸ್ ಮಾವುರರ್ ಇದರ ಪ್ರಮುಖ ರೂವಾರಿಯಾಗಿದ್ದರು. ಕೇಂದ್ರವೊಂದು ಮಾನ್ಯತೆ ಪಡೆಯಲು 32 ಷರತ್ತುಗಳನ್ನು ನಿಗದಿಪಡಿಸಲಾಯಿತು. ಅವುಗಳನ್ನು ನಾಲ್ಕು ಗುಂಪುಗಳಲ್ಲಿ ಗ್ರಹಿಸಬಹುದು.

ಅ) ವ್ಯವಸ್ಥೆ: ಕೇಂದ್ರವು ರೋಗಿಗಳಿಗೆ ಸುಲಭವಾಗಿ ದೊರಕಬೇಕು, ತರಬೇತಾದ ಸಿಬ್ಬಂದಿ ಹಾಗೂ ಇತರ ವಿಭಾಗಗಳ ತಜ್ಞರ ಸಹಕಾರ ಇರಬೇಕು.
ಆ) ನಿರ್ವಹಣೆ: ಮಾರ್ಗಸೂಚಿಯಂತೆ ಚಿಕಿತ್ಸೆ ನಡೆಯಬೇಕು, ರೋಗದ ತೀವ್ರತೆಯನ್ನು ಅಳೆದು ದಾಖಲಿಸಬೇಕು.
ಇ) ಜ್ಞಾನ: ಸಂಶೋಧನೆ ಮತ್ತು ವೈದ್ಯರ ಶಿಕ್ಷಣದಲ್ಲಿ ತೊಡಗಿರಬೇಕು.
ಈ) ಪ್ರಚಾರ: ಜನರಲ್ಲಿ ಅರಿವು ಮೂಡಿಸಿ, ರೋಗಿಗಳ ಪರವಾಗಿ ದನಿಯೆತ್ತಬೇಕು.

ಕೇಂದ್ರವು ಸ್ವತಃ ಘೋಷಿಸಿಕೊಂಡರೆ ಸಾಲದು. ಷರತ್ತುಗಳು ಈಡೇರಿವೆಯೆಂಬುದು ತಪಾಸಣೆಯಲ್ಲಿ ದೃಢಪಡಬೇಕು. ಮಾನ್ಯತೆಯೂ ಶಾಶ್ವತವಲ್ಲ, ಮರುತಪಾಸಣೆ ಉಂಟು.

4. ರೋಗಿಯ ಕೈಯಲ್ಲಿರುವ ಅಳತೆಗೋಲು

ಮಾಯವಾಗುವ ದದ್ದನ್ನು ಅಳೆಯುವ ಕೆಲಸವನ್ನು ರೋಗಿಗೇ ವಹಿಸಲಾಗಿದೆ. ದದ್ದುಗಳ ಸಂಖ್ಯೆಗೆ 0ಯಿಂದ 3, ತುರಿಕೆಗೆ 0ಯಿಂದ 3 ಅಂಕಗಳನ್ನು ರೋಗಿಯು ಪ್ರತಿದಿನ ಬರೆದಿಡಬೇಕು. ದಿನಕ್ಕೆ ಗರಿಷ್ಠ 6, ಏಳು ದಿನಗಳಿಗೆ 42 ಅಂಕ. ಒಟ್ಟು ಸೊನ್ನೆಯಾದರೆ ಆ ವಾರ ದದ್ದೂ ಇಲ್ಲ, ತುರಿಕೆಯೂ ಇಲ್ಲ. ಮತ್ತೊಂದು ಪರೀಕ್ಷೆಯಲ್ಲಿ ಹಿಂದಿನ ನಾಲ್ಕು ವಾರಗಳ ಕುರಿತು ನಾಲ್ಕು ಪ್ರಶ್ನೆಗಳಿದ್ದು, ಒಟ್ಟು 16 ಅಂಕಗಳಲ್ಲಿ 12 ಅಥವಾ ಹೆಚ್ಚು ಬಂದರೆ ರೋಗ ಹತೋಟಿಯಲ್ಲಿದೆ ಎಂದರ್ಥ.

ಇದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಒಂದು ಹಾಳೆ, ಒಂದು ಪೆನ್ನು ಸಾಕು. ದದ್ದು ಎದ್ದಾಗ ಮೊಬೈಲ್‌ನಲ್ಲಿ ತೆಗೆದ ಚಿತ್ರವಿದ್ದರೆ ಇನ್ನೂ ಒಳಿತು. ಕಾಮಗಾರಿಗೆ ಅಳತೆ ಪುಸ್ತಕ ಹೇಗೋ ಈ ರೋಗಕ್ಕೆ ಈ ಹಾಳೆ ಹಾಗೆ. ಅದರಲ್ಲಿ ನಮೂದಾಗದ ಕೆಲಸಕ್ಕೆ ಬಿಲ್ಲು ಪಾಸಾಗುವುದಿಲ್ಲ ಎಂಬುದನ್ನು ಸದಸ್ಯರು ಬಲ್ಲರು.

5. ಗ್ರಾಮ ಪಂಚಾಯಿತಿಗೆ ಅನ್ವಯ

ಯುಕೇರ್ ಷರತ್ತುಗಳನ್ನು ಗ್ರಾಮದ ಆರೋಗ್ಯ ಕೇಂದ್ರಕ್ಕೆ ಯಥಾವತ್ತಾಗಿ ಅನ್ವಯಿಸುವುದು ಸರಿಯಲ್ಲ. ಸಂಶೋಧನೆಯು ವಿಶೇಷ ಕೇಂದ್ರದ ಕರ್ತವ್ಯ. ಗುರುತಿಸುವುದು, ದಾಖಲಿಸುವುದು, ಸಕಾಲದಲ್ಲಿ ಮೇಲಿನ ಆಸ್ಪತ್ರೆಗೆ ಕಳುಹಿಸುವುದು ಪ್ರಾಥಮಿಕ ಕೇಂದ್ರದ ಕರ್ತವ್ಯ. ನಮ್ಮ ದೇಶದ ಸಾರ್ವಜನಿಕ ಆಸ್ಪತ್ರೆಗಳಿಗೂ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಿವೆ. ಅವುಗಳ ಎಂಟು ವಿಭಾಗಗಳಲ್ಲಿ ರೋಗಿಯ ಹಕ್ಕುಗಳೂ ಚಿಕಿತ್ಸೆಯ ಫಲಿತಾಂಶವೂ ಸೇರಿವೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಕಟ್ಟಡ, ಹಾಸಿಗೆಗಳ ಚರ್ಚೆಯೊಂದಿಗೆ ಈ ಎರಡು ವಿಷಯಗಳನ್ನೂ ಪ್ರಶ್ನಿಸಲು ಅವಕಾಶವಿದೆ.

ಸದಸ್ಯರು ಗಮನದಲ್ಲಿಡಬೇಕಾದ ಅಂಶಗಳು:

- ಗಂಧೆ ಇರುವವರನ್ನು ಕೆಲಸದಿಂದಾಗಲಿ, ಶಾಲೆಯ ಪಂಕ್ತಿಯಿಂದಾಗಲಿ ದೂರವಿಡುವುದಕ್ಕೆ ಆಧಾರವಿಲ್ಲ.
- ನಾಲಿಗೆ ಅಥವಾ ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾದರೆ ಅದು ತುರ್ತು ಸ್ಥಿತಿ. ಕೂಡಲೇ 108ಕ್ಕೆ ಕರೆ ಮಾಡಬೇಕು.
- ದದ್ದು 24 ಗಂಟೆ ಮೀರಿ ಉಳಿದು ಕಲೆ ಬಿಟ್ಟರೆ ಅದು ಬೇರೆ ರೋಗವಾಗಿರಬಹುದು; ತಜ್ಞರ ಪರೀಕ್ಷೆ ಅಗತ್ಯ.
- ಸ್ಪರ್ಶಜ್ಞಾನವಿಲ್ಲದ ಮಚ್ಚೆಯು ಗಂಧೆಯಲ್ಲ. ಕುಷ್ಠರೋಗ ತಪಾಸಣೆಗೆ ಕಳುಹಿಸಬೇಕು.

ಸಾರಾಂಶ

ನಾಮಫಲಕದಿಂದ ಕೇಂದ್ರವು ವಿಶೇಷವಾಗುವುದಿಲ್ಲ. ಷರತ್ತು ಲಿಖಿತವಾಗಿರಬೇಕು, ಅನ್ಯರಿಂದ ತಪಾಸಣೆಯಾಗಬೇಕು, ಅವಧಿ ಮುಗಿದಾಗ ಪುನಃ ಪರೀಕ್ಷೆಗೆ ಒಳಪಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಸೇವೆ ಪಡೆದವರ ಅನುಭವವೇ ಅಳತೆಯ ಭಾಗವಾಗಬೇಕು. ಪರಿಶೀಲಕರು ಬಂದ ಹೊತ್ತಿನಲ್ಲಿ ಕಾಣದ ತೊಂದರೆಯನ್ನು ಇಲ್ಲವೆಂದು ಬರೆಯುವಂತಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ಪರಿಶೀಲನೆಯ ವೇಳೆ ಕಾಣಿಸದೆ ಉಳಿಯುವ ತೊಂದರೆಗಳು ತಮ್ಮ ಪಂಚಾಯಿತಿಯಲ್ಲಿ ಯಾವುವು? ಅವುಗಳನ್ನು ಜನರೇ ದಾಖಲಿಸುವ ವಿಧಾನವೇನು?
2. ಸಮೀಪದ ಆರೋಗ್ಯ ಕೇಂದ್ರದಿಂದ ಮೇಲಿನ ಆಸ್ಪತ್ರೆಗೆ ಕಳುಹಿಸಲಾದ ರೋಗಿಗಳು ಅಲ್ಲಿಗೆ ತಲುಪಿ ಚಿಕಿತ್ಸೆ ಪಡೆದರೇ ಎಂಬುದನ್ನು ಯಾರು ವಿಚಾರಿಸುತ್ತಾರೆ?