ಸಿನಿಮಾ ಹೇಗಿತ್ತು ಅಂತ ಕೇಳಿದ್ರೆ ಏನ್ ಹೇಳೋದು?

ನಮ್ಮ ಹಾಸ್ಟೆಲ್ ರೂಮಿನಲ್ಲಿ ವಾರಕ್ಕೆ ಕಡಿಮೆ ಅಂದ್ರೂ ಎರಡು ಸಿನಿಮಾ ಮುಗಿಯುತ್ತೆ. ಮುಗಿದ ಮೇಲೆ ಚರ್ಚೆ ಅಂತ ಒಂದು ನಡೆಯುತ್ತೆ. ಅದರ ಅವಧಿ ಸುಮಾರು ನಲವತ್ತು ಸೆಕೆಂಡ್. "ಮಸ್ತ್ ಗುರು", "ಸೆಕೆಂಡ್ ಹಾಫ್ ಲ್ಯಾಗ್", "ಬಿಜಿಎಂ ಬೆಂಕಿ", ಐದಕ್ಕೆ ಮೂರೂವರೆ, ಲೈಟ್ ಆಫ್. ಕನ್ನಡ ಸಂಘದಿಂದ ಈ ಸಲ ಸಿನಿಮಾ ಬಗ್ಗೆ ಒಂದು ಕಲಿಕೆಯ ಲೇಖನ ಬೇಕು ಅಂದಾಗ ನಾವು ಧೈರ್ಯವಾಗಿ ಒಪ್ಪಿಕೊಂಡೆವು. ಬರೆಯೋಕೆ ಕೂತಾಗ ಗೊತ್ತಾಯ್ತು, ನಮ್ಮ ಹತ್ರ ಇರೋದು ಮೂರು ವಾಕ್ಯ ಮಾತ್ರ ಅಂತ. ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ಪದ ಸಿಗಲ್ಲ ಅಂತ ನೆಪ ಹೇಳಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ಕೇಳಿದ್ರೂ ಅದೇ ಮೂರು ವಾಕ್ಯ ಬರ್ತಿದ್ದವು. ಅಂದ್ರೆ ತೊಂದರೆ ಭಾಷೆಯದ್ದಲ್ಲ.

ನಮಗೆ ಗೊತ್ತಿರೋ ಒಂದು ವಸ್ತುವಿನಿಂದ ಶುರು ಮಾಡೋಣ: ಲ್ಯಾಬ್ ರೆಕಾರ್ಡ್. ಅದರಲ್ಲಿ ಮೊದಲು ಉದ್ದೇಶ, ಆಮೇಲೆ ಉಪಕರಣ, ಆಮೇಲೆ ಅಬ್ಸರ್ವೇಶನ್ ಟೇಬಲ್, ಕೊನೆಗೆ ರಿಸಲ್ಟ್. ಟೇಬಲ್ ಖಾಲಿ ಬಿಟ್ಟು ರಿಸಲ್ಟ್ ಮಾತ್ರ ಬರೆದುಕೊಂಡು ಹೋದ್ರೆ ಮೇಡಂ ಸಹಿ ಹಾಕಲ್ಲ, ಯಾರ ರೆಕಾರ್ಡ್ ನೋಡಿ ಬರೆದೆ ಅಂತ ಕೇಳ್ತಾರೆ. ಸಿನಿಮಾ ವಿಷಯದಲ್ಲಿ ನಾವೆಲ್ಲ ಮಾಡೋದು ಅದನ್ನೇ. "ಚೆನ್ನಾಗಿದೆ" ಅನ್ನೋದು ರಿಸಲ್ಟ್. ಏನು ನೋಡಿದೆ, ಏನು ಕೇಳಿಸಿತು ಅನ್ನೋ ಟೇಬಲ್ ಖಾಲಿ. ಹಾಗಾಗಿ ಒಬ್ಬ ಚೆನ್ನಾಗಿದೆ ಅಂದು ಇನ್ನೊಬ್ಬ ಚೆನ್ನಾಗಿಲ್ಲ ಅಂದ್ರೆ ಮುಂದೆ ಮಾತಾಡೋಕೆ ಏನೂ ಉಳಿಯಲ್ಲ, ಜಗಳ ಒಂದೇ ದಾರಿ. 2025ರ ಅಕ್ಟೋಬರ್‌ನಲ್ಲಿ 'ಕಾಂತಾರ: ಚಾಪ್ಟರ್ 1' ಬಂದಾಗ ನಮ್ಮ ಮೆಸ್‌ನಲ್ಲಿ ನಡೆದದ್ದು ಅಂಥದ್ದೇ. 2022ರ ಮೊದಲ 'ಕಾಂತಾರ'ವೇ ಮೇಲು ಅಂತ ಒಂದು ಗುಂಪು, ಇದೇ ಮೇಲು ಅಂತ ಇನ್ನೊಂದು ಗುಂಪು. ಎರಡು ದಿನ ಒಂದೇ ಟೇಬಲ್‌ನಲ್ಲಿ ಊಟ ಮಾಡಲಿಲ್ಲ. ಯಾವ ದೃಶ್ಯ, ಯಾಕೆ ಅಂತ ಒಬ್ಬರೂ ಒಬ್ಬರನ್ನೂ ಕೇಳಲಿಲ್ಲ.

ಟೇಬಲ್ ತುಂಬೋದು ಹೇಗೆ ಅಂತ ನಾವು ಕಲಿತದ್ದು ಸೂರಗೊಂಡನಕೊಪ್ಪದಲ್ಲಿ.

ಸೂರಗೊಂಡನಕೊಪ್ಪ ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಮೊದಲು ಹೊನ್ನಾಳಿ ತಾಲ್ಲೂಕು, 1997ಕ್ಕಿಂತ ಮೊದಲು ಶಿವಮೊಗ್ಗ ಜಿಲ್ಲೆ. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಜಾಗ ಅಂತ ಬಂಜಾರರು ನಂಬುವ ಊರು. ಫೆಬ್ರವರಿ 15ರ ಜಯಂತಿಗೆ ಮಾಲೆ ಹಾಕಿದವರು ಎಲ್ಲೆಲ್ಲಿಂದಲೋ ಬರ್ತಾರೆ, ಕೆಲವರು ನಡೆದುಕೊಂಡೇ ಬರ್ತಾರೆ. ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆ ಅಲ್ಲಿಗೆ ಹತ್ತಿರದ ತಾಂಡಾದಲ್ಲಿ. ಜಾತ್ರೆ ಮುಗಿದ ವಾರ ಅವನ ಮನೆಗೆ ನಾವು ನಾಲ್ಕು ಜನ ಹೋದೆವು. ಸೀನಿಯರ್ ಒಬ್ಬರ ಪುಟ್ಟ ಪ್ರೊಜೆಕ್ಟರ್ ಬ್ಯಾಗಿನಲ್ಲಿತ್ತು. ಅಂಗಳದ ಗೋಡೆಗೆ ಬಿಳಿ ಪಂಚೆ ಕಟ್ಟಿ 'ತಿಥಿ' ಹಾಕಿದೆವು. ಮನೆಯವರ ಜೊತೆ ಅಕ್ಕಪಕ್ಕದವರೂ ಸೇರಿ ಹದಿನೈದು ಇಪ್ಪತ್ತು ಜನ ಆದರು. ನಾಯಿಯೂ ಬಂತು, ಪ್ರೊಜೆಕ್ಟರ್ ಮುಂದೆ ಎರಡು ಸಲ ಓಡಾಡಿತು.

ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. 'ತಿಥಿ' ರಾಮ್ ರೆಡ್ಡಿ ನಿರ್ದೇಶನದ ಸಿನಿಮಾ, ಈರೇಗೌಡರು ಬರವಣಿಗೆಯಲ್ಲಿ ಜೊತೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತ ತೆಗೆದದ್ದು, ನಟಿಸಿದವರು ಅಲ್ಲಿಯ ಹಳ್ಳಿಯವರೇ, ಕ್ಯಾಮೆರಾ ಮುಂದೆ ಹೊಸಬರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು, ನಮ್ಮಲ್ಲಿ 2016ರ ಮೇ ತಿಂಗಳಲ್ಲಿ ಬಿಡುಗಡೆ ಆಯಿತು. ನಾವಾಗ ಪ್ರೈಮರಿ ಸ್ಕೂಲ್. ಕತೆ ಸರಳ. 101 ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈದುಕೊಂಡು ಕೂತವನು ಸತ್ತುಹೋಗ್ತಾನೆ. ಹನ್ನೊಂದನೇ ದಿನಕ್ಕೆ ತಿಥಿ ಊಟ ಆಗಬೇಕು. ಮಗ ಗಡ್ಡಪ್ಪನಿಗೆ ಆಸ್ತಿ, ತಿಥಿ ಯಾವುದೂ ಬೇಡ, ಅವನು ಸುಮ್ಮನೆ ಅಲೆಯುವವನು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಆದರೆ ಹಕ್ಕು ಬರೋದು ಅಪ್ಪ ಗಡ್ಡಪ್ಪನಿಗೆ. ಹಾಗಾಗಿ ಬದುಕಿರುವ ಅಪ್ಪ ಸತ್ತಿದ್ದಾನೆ ಅಂತ ಕಾಗದ ಮಾಡಿಸೋಕೆ ಹೊರಡ್ತಾನೆ. ಮರಿಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ. ಇಷ್ಟೇ ಹೇಳ್ತೀವಿ, ಉಳಿದದ್ದು ನೀವೇ ನೋಡಿ.

ಮೊದಲ ಪಾಠ ಹೇಳಿಕೊಟ್ಟದ್ದು ಗೆಳೆಯನ ಅಜ್ಜಿ. ಅವರಿಗೆ ಕನ್ನಡ ಬರುತ್ತೆ. ಆದರೆ ಮಂಡ್ಯದ ಆ ವೇಗದ ಕನ್ನಡ ಕಿವಿಗೆ ಹತ್ತುತ್ತಿರಲಿಲ್ಲ. (ಸುಳ್ಳೇಕೆ, ನಮಗೂ ಅಲ್ಲಲ್ಲಿ ಸಬ್‌ಟೈಟಲ್ ಬೇಕಾಯ್ತು.) ಗೆಳೆಯ ಪಕ್ಕ ಕೂತು ಲಂಬಾಣಿಯಲ್ಲಿ ಹೇಳ್ತಿದ್ದ. ಎಷ್ಟೋ ಮಾತು ಬಿಟ್ಟುಹೋಗ್ತಿತ್ತು. ಅರ್ಧ ಮುಗಿದಾಗ ಅಜ್ಜಿ ಒಂದು ಮಾತು ಅಂದರು: ಈ ಗಡ್ಡದ ಮುದುಕ ಆಟ ಆಡುವಾಗ ಬಿಟ್ರೆ ಒಂದು ಕಡೆ ನಿಲ್ಲೋದೇ ಇಲ್ಲ, ಅವನ ಮಗ ಹೋದಲ್ಲೆಲ್ಲ ಯಾರದ್ದಾದರೂ ಮುಂದೆ ನಿಂತು ಕಾಯ್ತಾನೇ ಇರ್ತಾನೆ.

ನಾವು 'ತಿಥಿ' ಅದಾಗಲೇ ಎರಡು ಸಲ ನೋಡಿದ್ದೆವು. ಇದು ಕಂಡಿರಲಿಲ್ಲ. ಒಬ್ಬ ನಡೀತಾನೆ, ಇನ್ನೊಬ್ಬ ಕಾಯ್ತಾನೆ. ಇದು ಅಭಿಪ್ರಾಯ ಅಲ್ಲ ನೋಡಿ, ಶುದ್ಧ ಅಬ್ಸರ್ವೇಶನ್. ಬೇಕಾದರೆ ಮತ್ತೆ ಹಾಕಿ ಪರೀಕ್ಷೆ ಮಾಡಬಹುದು. ಆದರೆ ಅದನ್ನು ಹೇಳಿದ ಕೂಡಲೇ ಸಿನಿಮಾದ ಅರ್ಧ ಅರ್ಥ ಕೈಗೆ ಬಂತು. ಮಾತು ಪೂರ್ತಿ ತಿಳಿಯದವರಿಗೆ ಕಣ್ಣೇ ಗತಿ, ಅದಕ್ಕೇ ಅವರಿಗೆ ಕಂಡಿತು. ನಾವು ಡೈಲಾಗ್ ಹಿಂದೆ ಓಡುವವರು.

ಇದರಿಂದ ನಾವು ಮಾಡಿಕೊಂಡ ಅಭ್ಯಾಸ ಹೀಗಿದೆ. ಸಿನಿಮಾ ಮುಗಿದ ಮೇಲೆ ಚೆನ್ನಾಗಿದೆ, ಇಲ್ಲ ಅಂತ ಹೇಳೋ ಮೊದಲು ಒಂದೇ ಒಂದು ದೃಶ್ಯವನ್ನು ಪೂರ್ತಿ ಹೇಳಬೇಕು. ಯಾರು ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು, ಕ್ಯಾಮೆರಾ ಹತ್ತಿರ ಇತ್ತಾ ದೂರ ಇತ್ತಾ, ಏನು ಕೇಳಿಸ್ತಿತ್ತು. 'ಸೂಪರ್', 'ಬೋರ್', 'ಫೀಲ್' ಈ ಮೂರು ಪದ ಬಳಸಿದ್ರೆ ಮರುದಿನದ ಚಹಾ ಅವನ ಲೆಕ್ಕ. ಮೊದಲ ವಾರ ಎಲ್ಲರೂ ಚಹಾ ಕುಡಿಸಿದೆವು.

ಶಬ್ದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ನಾವೆಲ್ಲ 'ಬಿಜಿಎಂ' ಅನ್ನೋ ಒಂದೇ ಪದದಲ್ಲಿ ಅದನ್ನು ಮುಗಿಸಿಬಿಡ್ತೀವಿ. ಹತ್ತು ನಿಮಿಷ ಕಣ್ಣು ಮುಚ್ಚಿ ಸಿನಿಮಾ ಕೇಳಿ. 'ತಿಥಿ'ಯಲ್ಲಿ ಹಳ್ಳಿಯದೇ ಸದ್ದು: ಬೈಕು, ಕುರಿ, ಜನರ ಬೈಗುಳ. ಈಗ ನಗು, ಈಗ ಅಳು ಅಂತ ಪಿಟೀಲು ಬಂದು ಹೇಳಿಕೊಡಲ್ಲ. ಅದಕ್ಕೇ ಒಂದೇ ದೃಶ್ಯಕ್ಕೆ ನಮ್ಮ ಅಂಗಳದಲ್ಲಿ ಅರ್ಧ ಜನ ನಕ್ಕರು, ಅರ್ಧ ಜನ ಸುಮ್ಮನಿದ್ದರು. 'ಕಾಂತಾರ'ದಲ್ಲಿ ಇದಕ್ಕೆ ಉಲ್ಟಾ. ಅಜನೀಶ್ ಲೋಕನಾಥ್ ಅವರ ಸಂಗೀತ ಮತ್ತು ದೈವದ ಆ ಕೂಗು ಥಿಯೇಟರ್‌ನಲ್ಲಿರೋ ಎಲ್ಲರನ್ನೂ ಒಂದೇ ಕ್ಷಣಕ್ಕೆ ಒಂದೇ ಕಡೆ ತಿರುಗಿಸುತ್ತೆ. ಯಾವುದು ಒಳ್ಳೇದು ಅಂತ ಕೇಳಬೇಡಿ, ಅದು ಮೆಸ್ ಜಗಳ. ಒಂದು ಸದ್ದು ಎಲ್ಲರನ್ನೂ ಒಟ್ಟು ಮಾಡುತ್ತೆ, ಇನ್ನೊಂದು ನಮ್ಮನ್ನು ನಮ್ಮ ಪಾಡಿಗೆ ಬಿಡುತ್ತೆ. ಈ ವ್ಯತ್ಯಾಸ ಗೊತ್ತಾದ ಮೇಲೆ ನಮ್ಮ ಎರಡು ಗುಂಪಿನವರು ಯಾಕೆ ಜಗಳ ಆಡಿದ್ದರು ಅಂತಲೂ ಸ್ವಲ್ಪ ಗೊತ್ತಾಯ್ತು.

ಅಂದ ಹಾಗೆ, ಹಳ್ಳಿ ಜನ ಇಂಥ ಸಿನಿಮಾ ನೋಡಿ ಮಾತಾಡ್ತಾರೆ ಅಂತ ಆಶ್ಚರ್ಯ ಪಟ್ಟವರು ನಾವೇ ಮೊದಲಿಗರಲ್ಲ, ಆಶ್ಚರ್ಯ ಪಡಬೇಕಾಗಿಯೂ ಇರಲಿಲ್ಲ. ನ್ಯಾಮತಿಯಿಂದ ಶಿವಮೊಗ್ಗ ದಾಟಿ ಸಾಗರದ ಕಡೆ ಹೋದರೆ ಹೆಗ್ಗೋಡು ಸಿಗುತ್ತೆ. ಅಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರು ಮಾಡಿತ್ತು. ಅಡಿಕೆ ತೋಟದ ಊರಿನ ಜನ ಜಗತ್ತಿನ ದೊಡ್ಡ ನಿರ್ದೇಶಕರ ಸಿನಿಮಾ ನೋಡಿದರು. ಸಿನಿಮಾ ನೋಡೋದು ಹೇಗೆ ಅಂತ ಕಲಿಸುವ ಶಿಬಿರಗಳು ನಡೆದವು, ಪುಣೆಯಿಂದ ಸತೀಶ್ ಬಹಾದ್ದೂರ್ ಬಂದು ಪಾಠ ಮಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮಗೆ ಇದು ಸೆಮಿಸ್ಟರ್ ಕನ್ನಡ ಪಠ್ಯದಿಂದ ಗೊತ್ತಾದದ್ದಲ್ಲ, ಈ ಲೇಖನಕ್ಕೆ ಅಂತ ಓದಿದಾಗ ಗೊತ್ತಾದದ್ದು.

ಈಗ ಬರೆಯೋಕೆ ಕಷ್ಟ ಆದ ಭಾಗ. ಗೆಳೆಯನನ್ನು ಕೇಳಿಯೇ ಬರೀತಿದ್ದೀವಿ, ಹೆಸರು ಬೇಡ ಅಂದಿದ್ದಾನೆ.

ಸಿನಿಮಾ ನೋಡುವಾಗ ತಮ್ಮಣ್ಣ ಕಾಗದ ಹಿಡಿದು ಓಡಾಡುವ ಪ್ರತಿ ದೃಶ್ಯಕ್ಕೂ ನಾವು ನಾಲ್ಕು ಜನ ಜೋರಾಗಿ ನಗ್ತಿದ್ದೆವು. ನಮ್ಮ ನೋಟ್ಸ್‌ನಲ್ಲಿ "ತಮ್ಮಣ್ಣ: ಕಾಮಿಡಿ ವಿಲನ್, ದುರಾಸೆ" ಅಂತ ಬರೆದಿದ್ದೆವು. ಗಡ್ಡಪ್ಪ ನಮ್ಮ ಹೀರೋ. ಯಾರ ಹಂಗೂ ಇಲ್ಲ, ಫ್ರೀಡಂ, ಹಾಸ್ಟೆಲ್ ಹುಡುಗರ ಕನಸು. ಮುಗಿದ ಮೇಲೆ ಗೆಳೆಯನ ಅಪ್ಪನ್ನ ಕೇಳಿದೆವು, ಹೇಗಿತ್ತು ಅಂಕಲ್ ಅಂತ. ಅವರು ಸ್ವಲ್ಪ ಹೊತ್ತು ಪಂಚೆ ಬಿಚ್ಚಿ ಮಡಚ್ತಾ ಇದ್ದರು. ಆಮೇಲೆ, "ನೀವೆಲ್ಲ ಆ ತಮ್ಮಣ್ಣನ್ನ ನೋಡಿ ನಕ್ರಲ್ಲ, ಅವ್ನು ಮಾಡಿದ್ರಲ್ಲಿ ತಪ್ಪೇನೈತಿ?" ಅಂದರು.

ನಾವು ತಬ್ಬಿಬ್ಬಾದೆವು. ಬದುಕಿರೋ ಅಪ್ಪನನ್ನು ಸತ್ತ ಅಂತ ಬರೆಸಿದನಲ್ಲ ಅಂದೆವು. ಅದು ತಪ್ಪೇ ಅಂತ ಒಪ್ಪಿಕೊಂಡರು. ಆದರೆ ತಿಥಿ ಊಟ ಹಾಕಬೇಕಾದವನು ಯಾರು, ಸಾಲ ಕೇಳೋಕೆ ಹೋದವನು ಯಾರು, ಊರವರ ಮುಂದೆ ತಲೆ ತಗ್ಗಿಸಬೇಕಾದವನು ಯಾರು ಅಂತ ಒಂದೊಂದಾಗಿ ಕೇಳಿದರು. ಗಡ್ಡಪ್ಪ ಆರಾಮಾಗಿ ನಡೀಬಹುದು, ಅವನ ಪಾಲಿನದನ್ನೂ ಹೊತ್ತವನು ಮಗ. ಆಮೇಲೆ ಅವರದೇ ವಿಷಯ ಬಂತು. ಅವರ ಎರಡು ಎಕರೆ ಮೆಕ್ಕೆಜೋಳದ ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಪೌತಿ ಖಾತೆ ಆಗಬೇಕು ಅಂದ್ರೆ ಅಣ್ಣತಮ್ಮಂದಿರು ಒಟ್ಟಿಗೆ ಕೂತು ಒಪ್ಪಬೇಕು. ದೊಡ್ಡಪ್ಪ ಒಬ್ಬರು ಊರು ಬಿಟ್ಟು ದುಡಿಯೋಕೆ ಹೋದವರು ಸರಿಯಾಗಿ ಸಿಗೋದೇ ಇಲ್ಲ. ಪಹಣಿ ಹೆಸರಿಗಿಲ್ಲದೆ ಹೊಲದ ಮೇಲೆ ಬ್ಯಾಂಕ್ ಸಾಲ ಸಿಗಲಿಲ್ಲ. ಗೆಳೆಯನ ಎರಡನೇ ವರ್ಷದ ಫೀಸು ಕೈಸಾಲದಿಂದ ಕಟ್ಟಿದ್ದು.

ನಮ್ಮ ಗೆಳೆಯ ಪ್ರೊಜೆಕ್ಟರ್ ವೈರ್ ಸುತ್ತುತ್ತಾ ಇದ್ದ. ಒಂದೂವರೆ ವರ್ಷದಿಂದ ಒಂದೇ ಬೆಂಚು, ಒಂದೇ ಮ್ಯಾಗಿ. ಇದು ನಮಗೆ ಗೊತ್ತಿರಲಿಲ್ಲ. ಅವನೂ ನಮ್ಮ ಜೊತೆ ನಕ್ಕಿದ್ದ, ಆದರೆ ಯಾವ ದೃಶ್ಯಕ್ಕೆ ನಗಲಿಲ್ಲ ಅಂತ ನಾವು ನೋಡಿರಲಿಲ್ಲ.

ಹಾಗಾಗಿ ನಮ್ಮ ಟೇಬಲ್‌ಗೆ ಇನ್ನೊಂದು ಕಾಲಂ ಸೇರಿತು: ನೋಡುವಾಗ ನಾನು ಯಾರ ಪಕ್ಕ ಕೂತಿದ್ದೆ? ಸೀಟಿನ ಪಕ್ಕ ಅಲ್ಲ, ಕತೆಯೊಳಗೆ. ಸಿನಿಮಾ ನಮ್ಮನ್ನು ಅಲ್ಲಿ ಕೂರಿಸಿತೋ, ನಾವೇ ಹೋಗಿ ಕೂತೆವೋ ಅಂತಲೂ ಯೋಚನೆ ಮಾಡಬೇಕು. 'ಕಾಂತಾರ'ವೂ ಜಮೀನಿನದೇ ಕತೆ. ರಾಜ ಕೊಟ್ಟ ಭೂಮಿ, ಅದನ್ನು ವಾಪಸ್ ಕೇಳುವ ದಣಿ, ನಡುವೆ ಅರಣ್ಯ ಇಲಾಖೆಯ ಮುರಳಿ. ಅಲ್ಲಿ ಎಲ್ಲಿ ಕೂರಬೇಕು ಅಂತ ಸಿನಿಮಾ ನಮಗೆ ಗಟ್ಟಿಯಾಗಿ ಹೇಳುತ್ತೆ. 'ತಿಥಿ' ಹೇಳಲ್ಲ. ನಾವು ಗಡ್ಡಪ್ಪನ ಪಕ್ಕ ಕೂತದ್ದು ನಮಗೆ ಕಟ್ಟಬೇಕಾದ ಸಾಲ ಯಾವುದೂ ಇಲ್ಲದ್ದಕ್ಕೆ.

ಒಂದೇ ಘಟನೆ ನೋಡಿದವರಿಗೆಲ್ಲ ಬೇರೆ ಬೇರೆಯಾಗಿ ಕಾಣೋದನ್ನೇ ಕತೆ ಮಾಡಿದ ಸಿನಿಮಾಗಳೂ ಇವೆ. ಕುರೊಸಾವಾ ಅವರ 1950ರ 'ರಾಶೋಮನ್'ನಲ್ಲಿ ಒಂದು ಸಾವನ್ನು ನಾಲ್ಕು ಜನ ನಾಲ್ಕು ಥರ ಹೇಳ್ತಾರೆ. ನಮ್ಮಲ್ಲಿ ರಕ್ಷಿತ್ ಶೆಟ್ಟಿ ಅವರ 2014ರ 'ಉಳಿದವರು ಕಂಡಂತೆ' ಇದೆ, ಹೆಸರಲ್ಲೇ ಎಲ್ಲಾ ಇದೆ. ಅದು ಬಂದಾಗ ಥಿಯೇಟರ್‌ನಲ್ಲಿ ಹೆಚ್ಚು ಓಡಲಿಲ್ಲ, ಆಮೇಲೆ ಜನ ಹುಡುಕಿ ಹುಡುಕಿ ನೋಡಿದರು. ಸಿನಿಮಾ ಅದೇ, ಒಂದು ಫ್ರೇಮ್ ಕೂಡ ಬದಲಾಗಿಲ್ಲ. ನೋಡಿದವರು ಬದಲಾದರು.

ರೇಟಿಂಗ್ ಕೊಡೋದು ಬೇಡ ಅಂತ ನಾವು ಹೇಳ್ತಿಲ್ಲ. ನಾವೂ ಕೊಡ್ತೀವಿ, ಅದರಲ್ಲಿ ಮಜಾ ಇದೆ. ಕೊನೆಯಲ್ಲಿ ಕೊಡಿ ಅಷ್ಟೆ. ಫ್ಯಾನ್ ಆಗಿರೋದೂ ತಪ್ಪಲ್ಲ. ಆದರೆ ನಮ್ಮ ಹೀರೋ ಸಿನಿಮಾದಲ್ಲೂ ಒಂದು ಕೆಟ್ಟ ದೃಶ್ಯ ತೋರಿಸೋಕೆ, ಆಗದವನ ಸಿನಿಮಾದಲ್ಲಿ ಒಂದು ಒಳ್ಳೆ ದೃಶ್ಯ ಹುಡುಕೋಕೆ ಪ್ರಯತ್ನ ಮಾಡಿ. ಎರಡನೇದು ನಮಗಿನ್ನೂ ಸರಿಯಾಗಿ ಬರ್ತಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಅಜ್ಜಿ ರೊಟ್ಟಿ ಕಟ್ಟಿಕೊಟ್ಟರು. ಮುಂದಿನ ಸಲ ಲಂಬಾಣಿ ಮಾತಾಡೋ ಸಿನಿಮಾ ತಗೊಂಡು ಬನ್ನಿ, ಹಾಡಿನಲ್ಲಿ ಕನ್ನಡಿ ಲಂಗ ಹಾಕ್ಕೊಂಡು ಕುಣಿದು ಹೋಗೋದಲ್ಲ, ಕೂತು ಮಾತಾಡೋದು ಬೇಕು ಅಂದರು. ಹುಡುಕ್ತಾ ಇದ್ದೀವಿ. ಗೆಳೆಯ ಅಷ್ಟರವರೆಗೆ ಅಂತ ಫೋನಿನಲ್ಲೇ ಐದು ನಿಮಿಷದ್ದು ಒಂದು ತೆಗೀತೀನಿ ಅಂತಿದ್ದಾನೆ. ಅಪ್ಪ ದೊಡ್ಡಪ್ಪನಿಗೆ ಫೋನ್ ಮಾಡೋದು, ಆ ಕಡೆಯಿಂದ ರಿಂಗ್ ಮಾತ್ರ ಕೇಳೋದು. ಸ್ಕ್ರಿಪ್ಟ್ ಅರ್ಧ ಪುಟ ಆಗಿದೆ, ಕನ್ನಡ ಲಿಪಿಯಲ್ಲಿ ಲಂಬಾಣಿ. ಓದೋಕೆ ನಮಗೆ ಅವನೇ ಬೇಕು.